ವ್ಯವಹಾರದ ಇಂಗ್ಲಿಷ್: ಯಾವ ಮಾತು ಎಲ್ಲಿ ಸಲ್ಲುತ್ತದೆ?

ಬೆಂಗಳೂರಿನ ಕಚೇರಿಯೊಂದರಿಂದ ಹೊರಡುವ ಇಂಗ್ಲಿಷ್ ಮೇಲ್‌ಗೆ ಇವತ್ತು ಮೂರು ಬಗೆಯ ಓದುಗರಿದ್ದಾರೆ. ಪಕ್ಕದ ಮೇಜಿನ ಸಹೋದ್ಯೋಗಿ ಒಬ್ಬರು, ದೆಹಲಿಯದೋ ಚೆನ್ನೈಯದೋ ಗ್ರಾಹಕರು ಇನ್ನೊಬ್ಬರು. ಮೂರನೆಯವರು ಡಲ್ಲಾಸ್, ಲೀಡ್ಸ್ ಅಥವಾ ಒಸಾಕಾದಲ್ಲಿ ಕೂತು ಓದುವವರು; ಅವರು ಇಂಗ್ಲಿಷ್ ಕಲಿತ ಬಗೆಯೇ ಬೇರೆ. ‘ಪ್ಲೀಸ್ ಡೂ ದಿ ನೀಡ್‌ಫುಲ್ ಅಂಡ್ ರಿವರ್ಟ್’ ಎಂಬ ಸಾಲು ಮೊದಲಿಬ್ಬರಿಗೆ ನಿತ್ಯ ಕೇಳುವ ಮಾತು. ಮೂರನೆಯವರು ಅದನ್ನು ಎರಡು ಸಲ ಓದಿ, ಕೊನೆಗೆ ‘ನಾನು ಮಾಡಬೇಕಾದ್ದು ಏನು?’ ಎಂದು ತಿರುಗಿ ಕೇಳುತ್ತಾರೆ. ಒಂದು ದಿನ ಅಲ್ಲಿಗೆ ಹೋಯಿತು.

ವ್ಯವಹಾರದ ಇಂಗ್ಲಿಷ್ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಮಾನ-ಅವಮಾನದ ಸುತ್ತಲೇ ಗಿರಕಿ ಹೊಡೆಯುತ್ತದೆ. ‘ನಮ್ಮ ಇಂಗ್ಲಿಷ್ ನೋಡಿ ನಗುತ್ತಾರೆ’ ಎಂಬ ಅಳುಕು ಒಂದು ಕಡೆ, ‘ನಮ್ಮ ಇಂಗ್ಲಿಷ್ ನಮ್ಮದು’ ಎಂಬ ಹಟ ಇನ್ನೊಂದು ಕಡೆ. ಪತ್ರ ಓದಿದವರಿಗೆ ಒಂದೇ ಅರ್ಥ ತಲುಪಿತೇ, ಯಾರು ಏನನ್ನು ಯಾವಾಗ ಮಾಡಬೇಕೆಂದು ತಿಳಿಯಿತೇ ಎಂಬ ಪ್ರಶ್ನೆ ಈ ಗದ್ದಲದಲ್ಲಿ ಹಿಂದೆ ಬೀಳುತ್ತದೆ. ಬಳಕೆಯಲ್ಲಿರುವ ಮಾತುಗಳನ್ನು ಈ ಪ್ರಶ್ನೆ ಇಟ್ಟುಕೊಂಡು ಒಂದು ಸುತ್ತು ನೋಡುವುದು ಈ ಲೇಖನದ ಉದ್ದೇಶ.

ಎಲ್ಲಿಂದ ಬಂದವು?

ನಾವು ‘ಇಂಡಿಯನ್’ ಎಂದು ಅಳುಕುವ ಹಲವು ಮಾತುಗಳು ಹುಟ್ಟಿದ್ದು ಇಂಗ್ಲೆಂಡಿನಲ್ಲೇ. ‘ಡೂ ದಿ ನೀಡ್‌ಫುಲ್’ ಒಂದು ಕಾಲದ ಬ್ರಿಟಿಷ್ ವರ್ತಕರ, ವಕೀಲರ ಪತ್ರಗಳಲ್ಲಿ ಸಭ್ಯವಾದ ಮಾತಾಗಿತ್ತು. ಆಗಿನ ಲಂಡನ್ ವರ್ತಕರು ತಮಗೆ ಬಂದ ಪತ್ರವನ್ನು ‘ಯುವರ್ ಎಸ್ಟೀಮ್ಡ್ ಫೇವರ್’ ಎಂದು ಕರೆಯುತ್ತಿದ್ದರು. ಈ ತಿಂಗಳು, ಹೋದ ತಿಂಗಳು, ಬರುವ ತಿಂಗಳು ಎನ್ನಲು ಲ್ಯಾಟಿನ್ನಿನಿಂದ ತುಂಡರಿಸಿ ತಂದ ‘ಇನ್‌ಸ್ಟ್’, ‘ಅಲ್ಟ್’, ‘ಪ್ರಾಕ್ಸ್’ ಬಳಸುತ್ತಿದ್ದರು. ಕಂಪನಿ ಸರ್ಕಾರದ ಕಾಲದಿಂದ ನಮ್ಮ ಗುಮಾಸ್ತರು ಇಂಗ್ಲಿಷ್ ಕಲಿತದ್ದು ಇಂಥ ಪತ್ರಗಳನ್ನು ನಕಲು ಮಾಡುತ್ತ. ಹಳೆಯ ಕಡತ ನೋಡಿ ಹೊಸ ಪತ್ರ ಬರೆಯುವ ಪದ್ಧತಿ ಕಚೇರಿಗಳಲ್ಲಿ ಉಳಿದುಕೊಂಡಿತು, ಅದರೊಂದಿಗೆ ಆ ಮಾತುಗಳೂ ಉಳಿದವು.

ಹೊರಗಿನವರು ಮಾತ್ರ ಅವನ್ನು ಒಂದೊಂದಾಗಿ ಕೈಬಿಟ್ಟರು. ಅಮೆರಿಕದ ವಿಮರ್ಶಕ ರಿಚರ್ಡ್ ಗ್ರಾಂಟ್ ವೈಟ್ 1880ರಷ್ಟು ಹಿಂದೆಯೇ ‘ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್’ ಎಂಬ ಮಾತನ್ನು ಗೇಲಿ ಮಾಡಿದ್ದರು. ಲಕೋಟೆ ಒಡೆದವರಿಗೆ ಒಳಗಿನ ಕಾಗದ ಹೇಗೂ ಸಿಗುತ್ತದೆ, ಹುಡುಕಿಕೊಳ್ಳಿ ಎಂದು ಬೇಡುವ ಅಗತ್ಯವಿಲ್ಲ. ಇಂಗ್ಲಿಷ್ ಬಳಕೆಯ ಸರಿತಪ್ಪುಗಳನ್ನು ಚರ್ಚಿಸುವ ಎಚ್. ಡಬ್ಲ್ಯೂ. ಫೌಲರ್ ಅವರ ನಿಘಂಟು 1926ರಲ್ಲಿ ಬಂತು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಹಣಕಾಸು ಇಲಾಖೆ ಅಧಿಕಾರಿಗಳ ಬರವಣಿಗೆ ತಿದ್ದಲು ಸರ್ ಅರ್ನೆಸ್ಟ್ ಗವರ್ಸ್ ಅವರಿಂದ ಕೈಪಿಡಿ ಬರೆಸಿತು. 1948ರಲ್ಲಿ ಹೊರಬಂದ ‘ಪ್ಲೇನ್ ವರ್ಡ್ಸ್’ 1954ರಲ್ಲಿ ‘ದಿ ಕಂಪ್ಲೀಟ್ ಪ್ಲೇನ್ ವರ್ಡ್ಸ್’ ಆಗಿ ಬೆಳೆಯಿತು. 1979ರಲ್ಲಿ ಕ್ರಿಸ್ಸಿ ಮಾಹರ್ ಸರಳ ಇಂಗ್ಲಿಷಿನ ಚಳವಳಿಯನ್ನೇ ಶುರುಮಾಡಿದರು. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 1998ರಲ್ಲಿ ಕಂಪನಿಗಳಿಗಾಗಿ ಸರಳ ಇಂಗ್ಲಿಷಿನ ಕೈಪಿಡಿ ಹೊರಡಿಸಿತು. ಅದರ ಮುನ್ನುಡಿಯಲ್ಲಿ ವಾರನ್ ಬಫೆಟ್, ತಾವು ವಾರ್ಷಿಕ ವರದಿ ಬರೆಯುವಾಗ ಅಕ್ಕತಂಗಿಯರಿಗೆ ಹೇಳುತ್ತಿರುವಂತೆ ಭಾವಿಸಿಕೊಳ್ಳುವುದಾಗಿ ಹೇಳಿದ್ದಾರೆ. ಆ ಅಕ್ಕತಂಗಿಯರು ಜಾಣರು, ಆದರೆ ಲೆಕ್ಕಪತ್ರದ ಪರಿಣತರಲ್ಲ. 2010ರಲ್ಲಿ ಅಮೆರಿಕದಲ್ಲಿ ಸರಳ ಬರವಣಿಗೆಗೆಂದೇ ಕಾನೂನು ಬಂತು. 2023ರಲ್ಲಿ ಸರಳ ಭಾಷೆಗೆ ಐಎಸ್‌ಒ ಮಾನದಂಡವೂ ಬಂತು. ನಾವು ಜೋಪಾನವಾಗಿ ಇಟ್ಟುಕೊಂಡ ಗತ್ತಿನ ಭಾಷೆಯನ್ನು ಅದರ ತವರಿನವರೇ ಸುಮಾರು ನೂರು ವರ್ಷಗಳಿಂದ ಕಳಚಿ ಹಾಕುತ್ತ ಬಂದಿದ್ದಾರೆ.

ನಮ್ಮಲ್ಲಿ ಮಾತ್ರ ಓಡುವ ಮಾತುಗಳು

‘ನೀಡ್‌ಫುಲ್’ನಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಏನು ಮಾಡಬೇಕೆಂದು ಹೇಳದೆ ಇರುವುದು ಅದರ ದೋಷ. ನಮ್ಮ ಸರ್ಕಾರಿ ಪತ್ರಗಳ ‘ಅಗತ್ಯ ಕ್ರಮ ಕೈಗೊಳ್ಳುವಂತೆ ಕೋರಿದೆ’ ಎಂಬ ಸಾಲಿಗೂ ಇದೇ ರೋಗ. ‘ತಿದ್ದಿದ ಇನ್‌ವಾಯ್ಸ್ ಅನ್ನು ಗುರುವಾರದೊಳಗೆ ಕಳಿಸಿ’ ಎಂದು ನೇರವಾಗಿ ಬರೆದರೆ ಆಗ ಕೆಲಸ ಆಗುತ್ತದೆ, ಆಗದಿದ್ದರೆ ಕೇಳುವುದಕ್ಕೂ ಆಧಾರ ಇರುತ್ತದೆ.

‘ರಿವರ್ಟ್’ ಇದಕ್ಕಿಂತ ಅಪಾಯಕಾರಿ. ಭಾರತ, ಸಿಂಗಪುರ, ಮಲೇಷ್ಯಾಗಳಲ್ಲಿ ಅದಕ್ಕೆ ‘ಉತ್ತರಿಸು’ ಎಂಬ ಅರ್ಥ ಬಂದಿದೆ. ಉಳಿದವರಿಗೆ ಅದು ‘ಹಿಂದಿನ ಸ್ಥಿತಿಗೆ ಮರಳು’. ಸಾಫ್ಟ್‌ವೇರ್ ಕೆಲಸದವರಿಗಂತೂ ಮಾಡಿದ ಬದಲಾವಣೆಯನ್ನು ತೆಗೆದುಹಾಕುವ ಆಜ್ಞೆಯ ಹೆಸರೇ ಅದು. ‘ಪ್ಲೀಸ್ ರಿವರ್ಟ್ ಆನ್ ದಿಸ್ ಚೇಂಜ್’ ಎಂದು ಅಭಿಪ್ರಾಯ ಕೇಳಿ ಬರೆದದ್ದನ್ನು, ಬದಲಾವಣೆಯನ್ನು ಅಳಿಸಿ ಎಂಬ ಸೂಚನೆಯಾಗಿ ಓದಲು ಪೂರಾ ಅವಕಾಶವಿದೆ. ‘ರಿಪ್ಲೈ’ ಎಂಬ ಚಿಕ್ಕ ಮಾತು ಇರುವಾಗ ಈ ಗೊಂದಲ ಯಾಕೆ ಬೇಕು?

‘ಪ್ರಿಪೋನ್’ ಬಗ್ಗೆ ನನ್ನ ನಿಲುವು ಬೇರೆ. ‘ಪೋಸ್ಟ್‌ಪೋನ್’ಗೆ ಎದುರಾದ ಮಾತೊಂದು ಬೇಕಿತ್ತು, ಅದು ಸಿಕ್ಕಿದೆ. ಆಕ್ಸ್‌ಫರ್ಡ್ ನಿಘಂಟು ಅದನ್ನು ಸೇರಿಸಿಕೊಂಡಿದೆ, ಮೊದಲ ಸಲ ಕೇಳಿದವರಿಗೂ ಅರ್ಥ ಹೊಳೆಯುತ್ತದೆ. ದೇಶದೊಳಗೆ ಧಾರಾಳವಾಗಿ ಬಳಸಬಹುದು. ಹೊರಗಿನವರಿಗೆ ಬರೆಯುವಾಗ ಮಾತ್ರ ‘ಮೂವ್ಡ್ ಅಪ್’ ಅಥವಾ ‘ಬ್ರಾಟ್ ಫಾರ್ವರ್ಡ್’ ಎಂದು ಬರೆದು ಪಕ್ಕದಲ್ಲೇ ಹೊಸ ದಿನಾಂಕ, ಹೊತ್ತು ಕೊಟ್ಟರೆ ಸಂದೇಹಕ್ಕೆ ಎಡೆಯಿಲ್ಲ.

ಹೆಚ್ಚು ಎಚ್ಚರ ಬೇಕಾದ್ದು ನಮ್ಮ ಭಾಷೆಯಿಂದ ನೇರವಾಗಿ ಇಳಿದ ಮಾತುಗಳಲ್ಲಿ. ‘ನನಗೊಂದು ಸಂದೇಹ’ ಎಂಬ ವಿನಯದ ಮಾತು ‘ಐ ಹ್ಯಾವ್ ಎ ಡೌಟ್’ ಆದಾಗ, ಅಮೆರಿಕದ ಗ್ರಾಹಕರಿಗೆ ‘ನಿಮ್ಮ ಮಾತು ನಂಬಲಾರೆ’ ಎಂದು ಕೇಳಿಸಬಹುದು. ಅಲ್ಲಿ ‘ಕ್ವೆಶ್ಚನ್’ ಎಂದರೆ ಸಾಕು. ‘ಇವತ್ತೇ’ ಎಂಬುದರ ‘ಏ’ಕಾರ ‘ಟುಡೇ ಇಟ್‌ಸೆಲ್ಫ್’ ಆಗಿ ಬರುತ್ತದೆ; ಬರಿಯ ‘ಟುಡೇ’ ಸಾಕು. 2018ರಲ್ಲಿ ಕಾಲೇಜು ಮುಗಿಸಿದೆ ಎನ್ನಲು ಬಯೋಡೇಟಾದಲ್ಲಿ ‘ಪಾಸ್ಡ್ ಔಟ್’ ಎಂದು ಬರೆದರೆ, ಹೊರಗಿನವರಿಗೆ ಅಭ್ಯರ್ಥಿ ಆ ವರ್ಷ ಮೂರ್ಛೆ ಹೋದಂತೆ ಕಾಣುತ್ತದೆ. ‘ಔಟ್ ಆಫ್ ಸ್ಟೇಷನ್’ ಎಂದರೆ ಊರಲ್ಲಿಲ್ಲ ಎಂದು ನಮಗೆ ಗೊತ್ತು. ಹೊರಗಿನವರಿಗೆ ರೈಲು ನಿಲ್ದಾಣ ನೆನಪಾಗುತ್ತದೆ.

ಒಂದೇ ಮಾತು, ಎರಡು ಅರ್ಥ

ಗೊಂದಲ ನಮ್ಮ ಇಂಗ್ಲಿಷಿನದ್ದು ಮಾತ್ರ ಎಂದುಕೊಳ್ಳಬೇಕಿಲ್ಲ. ‘ಟೇಬಲ್ ಮಾಡು’ ಎಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ತರುವುದು, ಅಮೆರಿಕದಲ್ಲಿ ಚರ್ಚೆಯನ್ನು ಬದಿಗಿಡುವುದು. ಯುದ್ಧಕಾಲದ ಸಭೆಯೊಂದರಲ್ಲಿ ಎರಡೂ ದೇಶದ ಅಧಿಕಾರಿಗಳು ಬಯಸಿದ್ದು ಒಂದನ್ನೇ ಆದರೂ ಈ ಮಾತಿನಿಂದಾಗಿ ಬಹಳ ಹೊತ್ತು ವಾದ ಮಾಡಿದ್ದನ್ನು ಚರ್ಚಿಲ್ ತಮ್ಮ ಯುದ್ಧಸ್ಮೃತಿಯಲ್ಲಿ ದಾಖಲಿಸಿದ್ದಾರೆ. ಸಂಸತ್ತಿನಲ್ಲಿ ಕಾಗದಪತ್ರ ‘ಮಂಡಿಸುವ’ ನಾವು ಬ್ರಿಟಿಷ್ ಅರ್ಥವನ್ನೇ ಹಿಡಿದವರು. ಅಮೆರಿಕದವರೊಂದಿಗಿನ ಸಭೆಯ ಟಿಪ್ಪಣಿಯಲ್ಲಿ ಈ ಮಾತನ್ನು ಬಿಡುವುದೇ ಮೇಲು.

ಸಂಖ್ಯೆ, ದಿನಾಂಕಗಳಲ್ಲಿ ಇದರ ಪೆಟ್ಟು ಇನ್ನೂ ಜೋರು. ಬ್ರಿಟನ್ 1974ರವರೆಗೆ ಅಧಿಕೃತವಾಗಿ ‘ಬಿಲಿಯನ್’ ಎಂದರೆ ಲಕ್ಷ ಕೋಟಿ ಎಂದೇ ಎಣಿಸುತ್ತಿತ್ತು. ಆಮೇಲೆ ಅಮೆರಿಕದಂತೆ ನೂರು ಕೋಟಿಗೆ ಬದಲಾಯಿಸಿಕೊಂಡಿತು. ನಮ್ಮ ಲಕ್ಷ, ಕೋಟಿಗಳಿಗೆ ಕಡಲಾಚೆ ಚಲಾವಣೆಯಿಲ್ಲ. ಅಲ್ಪವಿರಾಮ ಹಾಕುವ ಜಾಗವೂ ಬೇರೆ: ನಾವು 10,00,000 ಎಂದರೆ ಅವರು 1,000,000 ಎನ್ನುತ್ತಾರೆ. 03/04 ಎಂದು ಬರೆದರೆ ಇಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ತೊಡಕು ಹುಟ್ಟುವುದೇ ಇಲ್ಲ.

‘ಕ್ಯೂ ಒನ್’ ಎಂದರೆ ಭಾರತದ ಕಂಪನಿಗೆ ಏಪ್ರಿಲ್‌ನಿಂದ ಜೂನ್, ಕ್ಯಾಲೆಂಡರ್ ವರ್ಷ ಅನುಸರಿಸುವ ಕಂಪನಿಗೆ ಜನವರಿಯಿಂದ ಮಾರ್ಚ್, ಅಕ್ಟೋಬರ್‌ನಲ್ಲಿ ಹಣಕಾಸು ವರ್ಷ ಶುರುವಾಗುವ ಅಮೆರಿಕದ ಫೆಡರಲ್ ಸರ್ಕಾರಕ್ಕೆ ಅಕ್ಟೋಬರ್‌ನಿಂದ ಡಿಸೆಂಬರ್. ‘ಇಓಡಿ’, ಅಂದರೆ ದಿನದ ಕೊನೆಗೆ, ಎಂಬುದು ಯಾರ ದಿನ? ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ 5 ಗಂಟೆಯಾದಾಗ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಜಾವ 3.30. ‘ಬೈವೀಕ್ಲಿ’ಗೆ ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ ಎಂಬ ಎರಡೂ ಅರ್ಥಗಳನ್ನು ನಿಘಂಟುಗಳೇ ಕೊಡುತ್ತವೆ. ಇಂಥ ಕಡೆ ಚುಟುಕು ಮಾತಿನಿಂದ ಉಳಿಯುವುದು ಎರಡು ಕ್ಷಣ, ಕಳೆಯುವುದು ಎರಡು ದಿನ.

ನಿಜವಾಗಿ ತಪ್ಪಾದವು

ಎಲ್ಲಿ ಹೋದರೂ ತಪ್ಪೇ ಆಗುವ ಬಳಕೆಗಳೂ ಇವೆ. ‘ಇನ್ ಲ್ಯೂ ಆಫ್’ ಎಂದರೆ ‘ಬದಲಿಗೆ’. ನಮ್ಮ ಸುತ್ತೋಲೆಗಳಲ್ಲಿ ಅದು ‘ಪ್ರಯುಕ್ತ’ ಎಂಬ ಅರ್ಥದಲ್ಲಿ ನುಸುಳುತ್ತದೆ. ‘ಇನ್ ಲ್ಯೂ ಆಫ್ ದೀಪಾವಳಿ’ ಕಚೇರಿಗೆ ರಜೆ ಎಂದರೆ ದೀಪಾವಳಿಯನ್ನೇ ರದ್ದುಮಾಡಿ ಅದರ ಬದಲು ರಜೆ ಕೊಟ್ಟಂತೆ. ‘ವಿತ್ ರಿಗಾರ್ಡ್ ಟು’ ಎಂಬಲ್ಲಿ ಬಹುವಚನ ಬೇಡ. ‘ರಿಗಾರ್ಡ್ಸ್’ ಪತ್ರದ ಕೊನೆಯ ವಂದನೆಗೆ ಮೀಸಲು. ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಹಿಯರಿಂಗ್’ ಬರಬೇಕು, ‘ಹಿಯರ್’ ಅಲ್ಲ.

ವಿಭಕ್ತಿಯ ಅಭ್ಯಾಸದಿಂದ ಬರುವ ತಪ್ಪುಗಳು ಕನ್ನಡಿಗರಲ್ಲಿ ಹೆಚ್ಚು. ನಾವು ‘ಅದರ ಬಗ್ಗೆ’ ಚರ್ಚಿಸುತ್ತೇವೆ. ಇಂಗ್ಲಿಷಿನ ‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಕಿಲ್ಲ. ಹಾಗೆಯೇ ‘ಆರ್ಡರ್’ ಕ್ರಿಯಾಪದವಾದಾಗ ‘ಫಾರ್’ ಬೇಡ, ‘ಕೋಪ್’ ಜೊತೆ ‘ಅಪ್’ ಬೇಡ, ‘ರಿಟರ್ನ್’ ಜೊತೆ ‘ಬ್ಯಾಕ್’ ಬೇಡ. ‘ವಿ ವಿಲ್ ಶಿಪ್’ ಎಂಬ ಖಚಿತ ಮಾತನ್ನು ವಿನಯಕ್ಕೆಂದು ‘ವಿ ವುಡ್ ಶಿಪ್’ ಮಾಡಿದರೆ ಸರಕು ಬರುತ್ತದೆಯೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ‘ಅಡ್ವೈಸ್’ ನಾಮಪದಕ್ಕೂ ಕ್ರಿಯಾಪದಕ್ಕೂ ಕೊನೆಯ ಕಾಗುಣಿತ ಬೇರೆ. ಸಾಲದ ‘ಪ್ರಿನ್ಸಿಪಲ್’, ತತ್ತ್ವದ ‘ಪ್ರಿನ್ಸಿಪಲ್’ ಎರಡಕ್ಕೂ ಉಚ್ಚಾರ ಒಂದೇ, ಬರಹ ಬೇರೆ. ಕಾಗುಣಿತ ತಿದ್ದುವ ಸಾಧನಗಳು ಇಂಥವನ್ನು ಎಷ್ಟೋ ಸಲ ಹಿಡಿಯುವುದಿಲ್ಲ. ಎರಡೂ ನಿಘಂಟಿನಲ್ಲಿರುವ ಪದಗಳೇ ಆಗಿರುವುದು ಅದಕ್ಕೆ ಕಾರಣ.

ಕಾನೂನಿನ ತೂಕವಿರುವ ಮಾತುಗಳು

ಕೆಲವು ಮಾತುಗಳು ಅಲಂಕಾರದಂತೆ ಕಂಡರೂ ಅವುಗಳ ಹಿಂದೆ ದುಡ್ಡು, ಹೊಣೆ ಎರಡೂ ನಿಂತಿರುತ್ತವೆ. ನಮ್ಮ ಅಂಗಡಿ ಬಿಲ್ಲುಗಳ ತಳದಲ್ಲಿ ‘ಇ. ಅಂಡ್ ಓ. ಇ.’ ಎಂಬ ಅಕ್ಷರಗಳನ್ನು ಎಲ್ಲರೂ ನೋಡಿರುತ್ತಾರೆ. ಲೆಕ್ಕದಲ್ಲಿ ತಪ್ಪೋ ಬಿಟ್ಟುಹೋದದ್ದೋ ಕಂಡರೆ ತಿದ್ದುವ ಹಕ್ಕನ್ನು ಮಾರಾಟಗಾರರು ಇಟ್ಟುಕೊಂಡಿದ್ದಾರೆ ಎಂದು ಅದರ ತಾತ್ಪರ್ಯ.

ರಫ್ತಿನ ಪತ್ರದಲ್ಲಿ ‘ಎಫ್‌ಒಬಿ’, ‘ಸಿಐಎಫ್’ ಬರೆಯುವವರು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ‘ಇನ್‌ಕೋಟರ್ಮ್ಸ್’ ನೋಡಿರಬೇಕು. 1936ರಲ್ಲಿ ಮೊದಲು ಪ್ರಕಟವಾದ ಈ ನಿಯಮಗಳ 2020ರ ಆವೃತ್ತಿಯಲ್ಲಿ 11 ಪದಗಳಿವೆ. ನವ ಮಂಗಳೂರು ಬಂದರಿನಿಂದ ಕಾಫಿ ಕಳಿಸುವವರು ‘ಎಫ್‌ಒಬಿ ಮಂಗಳೂರು’ ಎಂದರೆ, ಚೀಲಗಳು ಹಡಗು ಏರಿದ ಮೇಲಿನ ಖರ್ಚು, ಅಪಾಯ ಎರಡೂ ಕೊಳ್ಳುವವರದು. ‘ಸಿಐಎಫ್’ ಎಂದರೆ ತಲುಪುವ ಬಂದರಿನವರೆಗಿನ ಬಾಡಿಗೆ, ವಿಮೆಗಳನ್ನು ಮಾರುವವರು ಕಟ್ಟುತ್ತಾರೆ; ಆದರೆ ಅಪಾಯದ ಹೊಣೆ ಹಡಗು ಏರಿದಾಗಲೇ ಕೈಬದಲಾಗಿರುತ್ತದೆ. ಅಮೆರಿಕದ ಒಳನಾಡಿನ ವ್ಯಾಪಾರದಲ್ಲಿ ಮಾತ್ರ ‘ಎಫ್‌ಒಬಿ’ಗೆ ಹಡಗಿನ ಸಂಬಂಧವೇ ಇಲ್ಲ; ಲಾರಿಯಲ್ಲಿ ಹೋಗುವ ಸರಕಿಗೂ ಅದನ್ನು ಬಳಸುತ್ತಾರೆ. ಆದ್ದರಿಂದ ಯಾವ ನಿಯಮ, ಯಾವ ವರ್ಷದ ಆವೃತ್ತಿ ಎಂಬುದನ್ನೂ ಜೊತೆಗೆ ಬರೆಯುವುದು ಪದ್ಧತಿ.

‘ಟೈಮ್ ಈಸ್ ಆಫ್ ದಿ ಎಸೆನ್ಸ್’ ಎಂಬುದನ್ನು ‘ಬೇಗ ಮಾಡಿ’ ಎಂಬ ಅರ್ಥದಲ್ಲಿ ಮೇಲ್‌ಗಳಲ್ಲಿ ಉದುರಿಸುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕಾಲವೇ ಮುಖ್ಯ ಎಂದು ಎರಡೂ ಕಡೆಯವರು ಉದ್ದೇಶಿಸಿದ್ದ ಕರಾರಿನಲ್ಲಿ ಗಡುವು ಮೀರಿದರೆ ಅದನ್ನು ರದ್ದುಮಾಡುವ ಹಕ್ಕು ಎದುರು ಪಕ್ಷಕ್ಕೆ ಸಿಗುತ್ತದೆ. ‘ವಿಥೌಟ್ ಪ್ರೆಜುಡಿಸ್’ ಇರುವುದು ವಿವಾದ ಬಗೆಹರಿಸಲು ನಡೆಸುವ ಮಾತುಕತೆಯ ಪತ್ರಕ್ಕೆ. ಅದರಲ್ಲಿ ಒಪ್ಪಿಕೊಂಡದ್ದನ್ನು ಮುಂದೆ ನ್ಯಾಯಾಲಯದಲ್ಲಿ ತಮ್ಮ ವಿರುದ್ಧ ಬಳಸದಿರಲಿ ಎಂದು ಹಾಗೆ ನಮೂದಿಸುತ್ತಾರೆ. ಮಾಮೂಲಿ ಕೊಟೇಷನ್ ಮೇಲೆ ಅದನ್ನು ಅಚ್ಚು ಹಾಕಿಸಿದರೆ ಯಾವ ರಕ್ಷಣೆಯೂ ಸಿಗುವುದಿಲ್ಲ.

ಅತಿ ಚಿಕ್ಕ ಉತ್ತರಕ್ಕೂ ಎಷ್ಟು ತೂಕವಿರಬಹುದು ಎಂಬುದಕ್ಕೆ ಕೆನಡಾದ ಸಸ್ಕಾಚುವಾನ್ ಪ್ರಾಂತದ ಪ್ರಕರಣ ಸಾಕ್ಷಿ. ಧಾನ್ಯ ಕೊಳ್ಳುವ ಕಂಪನಿ ಅಗಸೆ ಖರೀದಿಯ ಕರಾರಿನ ಚಿತ್ರವನ್ನು ರೈತನ ಫೋನಿಗೆ ಕಳಿಸಿ ಖಚಿತಪಡಿಸಲು ಕೇಳಿತು. ರೈತ ಹೆಬ್ಬೆರಳು ಎತ್ತಿದ ಚಿಹ್ನೆಯೊಂದನ್ನು ಕಳಿಸಿದ. ಸರಕು ಬರಲಿಲ್ಲ. ಚಿಹ್ನೆಯ ಅರ್ಥ ‘ತಲುಪಿತು’ ಎಂದಷ್ಟೇ ಎಂಬುದು ರೈತನ ವಾದ. ಹಿಂದಿನ ಕರಾರುಗಳಿಗೆಲ್ಲ ಅವನು ‘ಓಕೆ’, ‘ಯಪ್’, ‘ಲುಕ್ಸ್ ಗುಡ್’ ಎಂದು ಉತ್ತರಿಸಿ ಸರಕು ಒಪ್ಪಿಸಿದ್ದನ್ನು ಗಮನಿಸಿದ ನ್ಯಾಯಾಲಯ, 2023ರಲ್ಲಿ ಆ ಚಿಹ್ನೆಯೂ ಒಪ್ಪಿಗೆಯೇ ಎಂದು ತೀರ್ಪಿತ್ತು ಸುಮಾರು 82 ಸಾವಿರ ಕೆನಡಾ ಡಾಲರ್ ಪರಿಹಾರ ವಿಧಿಸಿತು. ‘ನೋಟೆಡ್’, ‘ಓಕೆ’, ‘ಫೈನ್’ ಎಂದು ಯೋಚಿಸದೆ ಉತ್ತರಿಸುವ ನಮಗೆ ಇದೊಂದು ಪಾಠ. ಓದಿದ್ದೇನೆ ಎಂದು ಹೇಳುವುದಿದ್ದರೆ ‘ರಿಸೀವ್ಡ್, ವಿಲ್ ರಿವ್ಯೂ’ ಎನ್ನಿ, ಒಪ್ಪಿದ್ದರೆ ‘ಅಗ್ರೀಡ್’ ಎನ್ನಿ.

ಫ್ಯಾಷನ್ ಮತ್ತು ವಿನಯ

ಹಳೆಯ ಗುಮಾಸ್ತ ಭಾಷೆ ಹೋದ ಕಡೆ ಮ್ಯಾನೇಜರ್ ಭಾಷೆ ಬಂದು ಕೂತಿದೆ: ‘ಸಿನರ್ಜಿ’, ‘ಲೆವರೇಜ್’, ‘ಸರ್ಕಲ್ ಬ್ಯಾಕ್’, ‘ಡೀಪ್ ಡೈವ್’, ‘ಬ್ಯಾಂಡ್‌ವಿಡ್ತ್’. ಇವುಗಳಲ್ಲಿ ಕೆಲವು ಅಮೆರಿಕದ ಬೇಸ್‌ಬಾಲ್ ಮೈದಾನದಿಂದ ಬಂದವು. ‘ಬಾಲ್‌ಪಾರ್ಕ್ ಫಿಗರ್’ ಎಂದರೆ ಅಂದಾಜು ಮೊತ್ತ, ‘ಟಚ್ ಬೇಸ್’ ಎಂದರೆ ಮಾತಾಡಿಸಿ ವಿಚಾರಿಸುವುದು. ಆ ಆಟ ಗೊತ್ತಿಲ್ಲದ ಒಸಾಕಾದ ಓದುಗರೇನೋ ಸಿಗಲಾರರು, ಜಪಾನೀಯರಿಗೆ ಬೇಸ್‌ಬಾಲ್ ಪ್ರಾಣ; ಆದರೆ ಆಟ ಗೊತ್ತಿದ್ದ ಮಾತ್ರಕ್ಕೆ ನುಡಿಗಟ್ಟು ಗೊತ್ತಿರಬೇಕೆಂದಿಲ್ಲ. ಅಂದಾಜು ಕೊಡುವವರು ‘ಎಸ್ಟಿಮೇಟ್’ ಎಂದು ಬರೆದು, ಎಷ್ಟು ಶೇಕಡಾ ಹೆಚ್ಚುಕಡಿಮೆ ಆಗಬಹುದೆಂದು ಸೇರಿಸಿದರೆ ಮುಂದೆ ಜಗಳವಿಲ್ಲ. ಉಳಿದ ಮಾತುಗಳಲ್ಲಿ ಬಹುಪಾಲನ್ನು ತೆಗೆದು ಓದಿ ನೋಡಿದರೆ ವಾಕ್ಯಕ್ಕೆ ಏನೂ ನಷ್ಟವಾಗಿರುವುದಿಲ್ಲ.

ವಿನಯದ ಮಾತುಗಳ ಲೆಕ್ಕ ಸ್ವಲ್ಪ ಬೇರೆ. ಅವು ಅರ್ಥ ಹೇಳುವುದಕ್ಕಿಂತ ಸಂಬಂಧ ಕಾಯಲು ಇರುವಂಥವು. ‘ರೆಸ್ಪೆಕ್ಟೆಡ್ ಸರ್’ ನಮ್ಮ ಊರಿನ ಕಾಲೇಜಿಗೆ, ಕಚೇರಿಗೆ ಒಪ್ಪುತ್ತದೆ. ಹೊರಗಿನವರಿಗೆ ‘ಡಿಯರ್’ ಜೊತೆ ಹೆಸರು ಸಾಕು. ಬ್ರಿಟಿಷ್ ಸಂಪ್ರದಾಯದಲ್ಲಿ ‘ಡಿಯರ್ ಸರ್’ ಎಂದು ಶುರುವಾದ ಪತ್ರ ‘ಯುವರ್ಸ್ ಫೇತ್‌ಫುಲಿ’ಯಲ್ಲಿ ಮುಗಿಯುತ್ತದೆ, ಹೆಸರು ಹಿಡಿದು ಶುರುವಾದದ್ದು ‘ಯುವರ್ಸ್ ಸಿನ್ಸಿಯರ್ಲಿ’ಯಲ್ಲಿ. ಅಮೆರಿಕದವರಿಗೆ ‘ಸಿನ್ಸಿಯರ್ಲಿ’ ಒಂದೇ ಸಾಕು. ‘ಯುವರ್ಸ್’ ಮಧ್ಯೆ ಅಪಾಸ್ಟ್ರಫಿ ಚಿಹ್ನೆ ತುರುಕುವುದು ಎಲ್ಲೆಡೆಯೂ ತಪ್ಪು. ‘ಐ ರಿಕ್ವೆಸ್ಟ್ ಯೂ ಟು ಕೈಂಡ್ಲಿ ಪ್ಲೀಸ್’ ಎಂದು ಮೂರು ಸಲ ಬೇಡಿಕೊಂಡರೆ ವಿನಯವೇನೂ ಮೂರು ಪಟ್ಟಾಗುವುದಿಲ್ಲ. ‘ಆ್ಯಸ್ ಪರ್ ಮೈ ಲಾಸ್ಟ್ ಮೇಲ್’ ಎಂಬುದು ಹೇಳಿದ್ದು ಕೇಳಿಸಲಿಲ್ಲವೇ ಎಂಬ ಸಿಡುಕನ್ನು ಮುಚ್ಚಿಟ್ಟುಕೊಂಡಿರುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು.

ಎರಡು ಪಂಥ, ಒಂದು ನಿಲುವು

ಭಾರತದ ಇಂಗ್ಲಿಷಿನ ಚರ್ಚೆ ಗೇಲಿಯಿಂದ ಆರಂಭವಾಯಿತು. 1891ರಲ್ಲಿ ಆರ್ನಾಲ್ಡ್ ರೈಟ್ ‘ಬಾಬು ಇಂಗ್ಲಿಷ್’ ಮಾದರಿಗಳನ್ನು ನಗೆಗಾಗಿ ಸಂಗ್ರಹಿಸಿದರು. 1907ರಲ್ಲಿ ಜಿ. ಸಿ. ವಿಟ್‌ವರ್ತ್ ಭಾರತೀಯರ ನುಡಿಗಟ್ಟಿನ ತಪ್ಪುಗಳನ್ನು ಪಟ್ಟಿಮಾಡಿದರು. ಪಾರೂ ನಿಹಲಾನಿ, ಆರ್. ಕೆ. ಟಂಗ್, ಪ್ರಿಯಾ ಹೊಸಳ್ಳಿ 1979ರಲ್ಲಿ ಹೊರತಂದ ಕೈಪಿಡಿ ಭಾರತೀಯ, ಬ್ರಿಟಿಷ್ ಬಳಕೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿತು. ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಾಚ್ರು 1983ರ ಪುಸ್ತಕದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಭಾರತದ ಇಂಗ್ಲಿಷ್ ತನ್ನದೇ ನಿಯಮಗಳಿರುವ ಪ್ರಭೇದ ಎಂದು ವಾದಿಸಿದರು. ಅವರ ವಾದ ಇಂದು ವಿದ್ವತ್ ವಲಯದಲ್ಲಿ ನೆಲೆಯೂರಿದೆ. ಅದರ ಫಲವಾಗಿ ‘ಪ್ರಿಪೋನ್’ ಬರೆದವರು ನಾಚಿಕೊಳ್ಳಬೇಕಿಲ್ಲ.

ಆದರೆ ಆ ವಾದವನ್ನು ಗ್ರಾಹಕರ ಮೇಲ್‌ಗೆ ಗುರಾಣಿಯಾಗಿ ಹಿಡಿಯುವಂತಿಲ್ಲ. ಕಾದಂಬರಿಗೆ, ಮಾತಿಗೆ, ನಮ್ಮೊಳಗಿನ ಪತ್ರಕ್ಕೆ ನಮ್ಮ ಇಂಗ್ಲಿಷ್ ಸರಿಯಾಗಿಯೇ ಇದೆ. ಹಣ, ಗಡುವು, ಹೊಣೆ ಇರುವ ಪತ್ರ ಗಡಿ ದಾಟುವಾಗ ಓದುವವರ ರೂಢಿಯೇ ಮುಖ್ಯ. ಹಾಗೆಂದು ಇದು ಬ್ರಿಟಿಷರಿಗೋ ಅಮೆರಿಕದವರಿಗೋ ಶರಣಾಗುವ ಮಾತೂ ಅಲ್ಲ. ‘ಟೇಬಲ್’, ‘ಬಾಲ್‌ಪಾರ್ಕ್’ ಎಂದು ಬರೆಯುವ ಅವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಶಾಲೆ, ಕಾಲೇಜುಗಳಲ್ಲಿ ಪತ್ರಲೇಖನ ಕಲಿಸುವವರು ಹಳೆಯ ಮಾದರಿ ಪತ್ರಗಳನ್ನು ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ಒಂದೇ ಕೋರಿಕೆಯನ್ನು ಮೂರು ಬಗೆಯ ಓದುಗರಿಗೆ ಬರೆಸುವ ಅಭ್ಯಾಸ ಮಾಡಿಸಬೇಕು. ಕೆಲಸಕ್ಕೆ ಸೇರಿದವರು ಮೇಲ್ ಕಳಿಸುವ ಮುನ್ನ ಯಾರು, ಏನು, ಯಾವ ದಿನ ಎಷ್ಟು ಗಂಟೆಯೊಳಗೆ ಎಂಬ ಮೂರೂ ಅದರಲ್ಲಿವೆಯೇ ಎಂದು ನೋಡಿಕೊಂಡರೆ ಸಾಕು. ಅವು ಇದ್ದರೆ ಆ ಪತ್ರದ ಇಂಗ್ಲಿಷ್ ತನ್ನ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ವ್ಯಾಕರಣ ಎಷ್ಟೇ ಶುದ್ಧವಿದ್ದರೂ ಅದನ್ನು ತಿದ್ದಿ ಬರೆಯುವುದು ಒಳ್ಳೆಯದು.